ಕಾಫಿಪುಡಿ ಯಾಕ ಇಷ್ಟು ತುಟ್ಟಿ?

ಮೊನ್ನೆ ಬಬಲೇಶ್ವರದ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ನಿಮ್ಮ ಮನ್ಯಾಗ ಈಗ ಕಾಫಿ ನಡದೈತಂತ? ಪುಡಿ ದರ ಕೇಳಿದ್ರ ಎದಿ ಝಲ್ ಅಂತೈತಲ್ಲ!" ಅಂದ್ಲು. ಆಕಿಗೆ ಹೇಳಿದ್ದನ್ನ ನಿಮಗೂ ಬರೀತೀನಿ. ಇದ್ರಾಗ ನಂದೊಂದು ತಪ್ಪೂ ಐತಿ, ಅದನ್ನ ಮುಚ್ಚಿಡೂದಿಲ್ಲ.

ನಮ್ಮದು ಮೊದಲಿಂದ ಚಹಾದ ಮನಿ. ಮೂಡಿಗೆರೆ ಕಡಿಂದ ಸೊಸಿ ಬಂದ್ಲು, ಆಕಿ ಜೋಡಿ ಒಂದು ಹಿತ್ತಾಳಿ ಫಿಲ್ಟರೂ ಬಂತು. ರಾತ್ರಿ ಡಿಕಾಕ್ಷನ್ ಹಾಕಿಟ್ಟು ಮುಂಜಾನಿ ಒಂದು ಲೋಟ ಕುಡದ್ರನ ಆಕಿಗೆ ದಿನ ಶುರು. 2025ರ ಜನವರಿ ತಿಂಗಳು, ಕಾಲು ಕೆಜಿ ಪುಡಿಗೆ ₹230 ಅಂದ್ರು ಅಂಗಡ್ಯಾಗ. ಮೊದಲ ₹140ಕ್ಕ ತರ್ತಿದ್ವಿ. ಮನಿಗೆ ಬಂದವಳೇ, "ಚಹಾಕ್ಕೇನ ಬರ ಬಂದೈತೇನವಾ, ಇಷ್ಟು ರೊಕ್ಕ ಸುರದು ಕರಿ ನೀರು ಕುಡ್ಯಾಕ?" ಅಂದುಬಿಟ್ಟೆ. ಆಕಿ ಏನೂ ಎದುರಾಡ್ಲಿಲ್ಲ. ಫಿಲ್ಟರ್ ತೊಳದು ಮ್ಯಾಲಿನ ಮಾಡದಾಗ ಇಟ್ಲು. ಮರುದಿನದಿಂದ ನಮ್ಮ ಜೋಡಿ ಚಹಾ ಕುಡದ್ಲು, ಅರ್ಧ ಕಪ್ ಬಿಡ್ತಿದ್ಲು. ನಾನು ನೋಡೀನೂ ನೋಡಲಾರದಂಗ ಇದ್ದೆ.

ಮಾರ್ಚ್ ತಿಂಗಳದಾಗ ಬೀಗರ ಮನಿಗೆ ಹೋಗೂದು ಬಂತು. ಅವರದು ಭಾಳ ದೊಡ್ಡ ತೋಟ ಅಲ್ಲ. ಮ್ಯಾಲ ಸಿಲ್ವರ್ ಓಕ್ ಗಿಡ, ಅದಕ್ಕ ಹಬ್ಬಿದ ಮೆಣಸಿನ ಬಳ್ಳಿ, ಕೆಳಗ ನೆರಳಿನಾಗ ಕಾಫಿ. ಬೀಗರು ತಿರಗ್ಯಾಡಿಸಿ ತೋರಿಸಿದ್ರು. ಕಾಫಿಯೊಳಗ ಮುಖ್ಯ ಎರಡು ಜಾತಿ. ಅರೇಬಿಕಾ ಎತ್ತರದ ಗುಡ್ಡದಾಗ ಬೆಳಿತೈತಿ, ಘಮ ಹೆಚ್ಚು, ರೋಗನೂ ಹೆಚ್ಚು, ಕಾಂಡಕೊರಕ ಹುಳ ಬಿತ್ತಂದ್ರ ಗಿಡಾನ ಹೋತು. ರೋಬಸ್ಟಾ ಕೆಳಗಿನ ಜಾಗಾದಾಗ ಬರ್ತೈತಿ, ಗಟ್ಟಿ ಗಿಡ, ರುಚಿ ಸ್ವಲ್ಪ ಒಗರು. ಅರೇಬಿಕಾದಾಗ ಮತ್ತ ಎಸ್.795, ಚಂದ್ರಗಿರಿ ಅಂತ ತಳಿ ಅದಾವು, ನಮ್ಮ ದ್ರಾಕ್ಷಿಯೊಳಗ ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಇದ್ದಂಗ. ಬಾಬಾಬುಡನ್ ಯೆಮನ್ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗುಡ್ಡದಾಗ ಹಾಕಿದ್ರು ಅಂತ ಹೇಳ್ತಾರ. ಇವತ್ತು ದೇಶದ ಕಾಫಿಯೊಳಗ ಸುಮಾರು 70 ಪಾಲು ನಮ್ಮ ಕರ್ನಾಟಕದ್ದ, ಚಿಕ್ಕಮಗಳೂರು, ಕೊಡಗು, ಹಾಸನ ಸೇರಿ.

ಅವತ್ತು ಸಂಜಿಗೆ ಮೋಡ ಕಟ್ಟಿತು. ಬೀಗತಿ ಅಂಗಳದಾಗ ನಿಂತು ಕೈ ಮುಗದ್ರು. "ಈಗ ಒಂದು ಮಳೆ ಬಿದ್ರೆ ಹೂವು ಅರಳ್ತದೆ, ಇಲ್ದಿದ್ರೆ ಮುಂದಿನ ವರ್ಷದ ಫಸಲೇ ಇಲ್ಲ" ಅಂದ್ರು. ಸ್ಪ್ರಿಂಕ್ಲರ್‌ಗೆ ನೀರಿದ್ದವರು ಹೆಂಗೋ ಪಾರಾಗ್ತಾರ, ಇಲ್ಲದವರು ಆಕಾಶ ನೋಡಬೇಕು.

ಅದ ಹೊತ್ತಿಗೆ ತಿಕೋಟಾದಿಂದ ನಮ್ಮ ತಮ್ಮನ ಫೋನ್ ಬಂತು. "ಅಕ್ಕಾ, ಇಲ್ಲಿ ಮೋಡ ಆಗೈತಿ. ದ್ರಾಕ್ಷಿ ಎಲ್ಲಾ ಶೆಡ್ಡಿನಾಗ ಒಣಗಾಕ ಹಾಕೀವಿ, ತಾಡಪತ್ರಿ ಕಟ್ಟಾಕ ಹತ್ತೀವಿ. ಮಳಿ ಬರಬಾರದು ಅಂತ ದೇವರಿಗೆ ಬೇಡ್ಕೊ" ಅಂದ. ನಾನು ಫೋನ್ ಹಿಡಕೊಂಡು ಹಂಗ ನಿಂತೆ. ಒಬ್ಬರು ಮಳಿ ಬಾ ಅಂತಾರ, ಇನ್ನೊಬ್ಬರು ಬ್ಯಾಡ ಅಂತಾರ. ಎರಡೂ ನಮ್ಮವ ಮನಿ. ನಾನು ಯಾರಿಗಂತ ಬೇಡ್ಕೊಳ್ಳಿ?

ರಾತ್ರಿ ಬೀಗರು ಲೆಕ್ಕ ಹೇಳಿದ್ರು. ನಾಲ್ಕು ಕೆಜಿ ದ್ರಾಕ್ಷಿ ಒಣಗಿದ್ರ ಒಂದು ಕೆಜಿ ಒಣದ್ರಾಕ್ಷಿ ಅನ್ನೂದು ನಮಗ ಗೊತ್ತೈತಿ. ಕಾಫಿ ಹಣ್ಣು ಐದಾರು ಕೆಜಿ ಬೇಕಂತ ಒಂದು ಕೆಜಿ ಬೀಜಕ್ಕ. ಹಣ್ಣಿನ ತೊಗಟಿ ತಗದು, ತೊಳದು ಒಣಗಿಸಿದ್ದಕ್ಕ ಪಾರ್ಚ್‌ಮೆಂಟ್ ಅಂತಾರ. ಹಣ್ಣಿಗೆ ಹಣ್ಣನ್ನ ಒಣಗಿಸಿದ್ರ ಚೆರಿ. ಮಾರೂದು 50 ಕೆಜಿ ಚೀಲದ ಲೆಕ್ಕದಾಗ. ಆ ವರ್ಷ ಅರೇಬಿಕಾ ಪಾರ್ಚ್‌ಮೆಂಟ್ ಚೀಲಕ್ಕ ₹25,000 ದಾಟಿತ್ತು. ಬ್ರೆಜಿಲ್, ವಿಯೆಟ್ನಾಂದಾಗ ಮಳಿ ಕೈ ಕೊಟ್ಟು ಜಗತ್ತಿನಾಗ ಕಾಫಿ ಕಡಿಮಿ ಬಿದ್ದಿತ್ತು. ಚೀಲದಾಗಿನ ಸಿಪ್ಪಿ ಹೋಗಿ ಉಳಿಯೂದು ಸುಮಾರು 40 ಕೆಜಿ, ಹುರದ ಮ್ಯಾಲ 33 ಕೆಜಿ. ಭಾಗಿಸಿ ನೋಡ್ರಿ, ಕೆಜಿಗೆ ₹750ರ ಮ್ಯಾಲಾತು. ಹುರಿಯೂದು, ಬೀಸೂದು, ಗಾಡಿ ಬಾಡಿಗಿ, ಅಂಗಡಿ ಲಾಭ ಇನ್ನೂ ಬ್ಯಾರೆ.

"ಈಗ ದರ ಇದೆ ಅಂತ ಎಲ್ರೂ ಕೇಳ್ತಾರೆ. 2001-02ರಲ್ಲಿ ದರ ಬಿದ್ದಾಗ ಯಾರೂ ಕೇಳ್ಲಿಲ್ಲ. ಆಗ ಮೆಣಸು ನಮ್ಮನ್ನ ಉಳಿಸ್ತು" ಅಂದ್ರು ಬೀಗರು. ನನಗ ನಮ್ಮ ಅಪ್ಪನ ನೆನಪಾತು. ಒಣದ್ರಾಕ್ಷಿ ದರ ಬಿದ್ದ ವರ್ಷ ಅಂವ ಊಟಕ್ಕ ಕುಂತ್ರೂ ಮಾತಾಡ್ತಿರಲಿಲ್ಲ.

ಊರಿಗೆ ಬಂದ ಮರುದಿನ ನಾನ ಸ್ಟೂಲ್ ಹತ್ತಿ ಮಾಡದಾಗಿನ ಫಿಲ್ಟರ್ ಇಳಿಸಿದೆ. "ನಂದ ತಪ್ಪಾತವಾ, ಇನ್ನ ದಿನಾ ಹಾಕು" ಅಂದೆ. "ಅತ್ತೆ, ನಿಮಗೂ ಅರ್ಧ ಲೋಟ ಹಾಕ್ಲಾ?" ಅಂತ ಕೇಳಿದ್ಲು. ಕಣ್ಣಾಗ ನೀರಿತ್ತು. ಈಗ ಮನಿಯವರೂ ಕುಡಿತಾರ, ಸಂಜಿಗೆ ಮಾತ್ರ ಚಹಾ ಬಿಟ್ಟಿಲ್ಲ.

ತಂಗಿಗೆ ಹೇಳಿದ್ದು ಇಷ್ಟ: ಅಗ್ಗ ಅಂತ ಪುಡಿ ತರೂ ಮುಂಚೆ ಪಾಕೀಟಿನ ಮ್ಯಾಲ ಓದು. ಚಿಕೋರಿ ಅಂತಿದ್ರ ಅದು ಕಾಫಿ ಅಲ್ಲ, ಒಂದು ಗಿಡದ ಬೇರು ಹುರದ ಪುಡಿ. ಕಾಯ್ದೆ ಪ್ರಕಾರ ಅದನ್ನ 49 ಪಾಲಿನ ತನಕ ಕೂಡಿಸಬಹುದು. ಡಿಕಾಕ್ಷನ್ ದಪ್ಪ, ಕರ್ರಗ ಬರ್ತೈತಿ, ಹಂಗಂತ ಅರ್ಧ ಬೇರಿಗೆ ಕಾಫಿ ರೊಕ್ಕ ಕೊಡಬ್ಯಾಡ. ನಮ್ಮ ಮನ್ಯಾಗ 80 ಪಾಲು ಕಾಫಿ, 20 ಪಾಲು ಚಿಕೋರಿ. ಕಾಲು ಕೆಜಿ ಹದಿನೈದು ದಿನ ಬರ್ತೈತಿ.

ಈ ಸಲ ಬೀಗರಿಗೆ ತಿಕೋಟಾದ ಒಣದ್ರಾಕ್ಷಿ ಎರಡು ಕೆಜಿ ಕಳಿಸೀನಿ. ಅವರೂ ದರ ಕೇಳಿದ್ರು. ಲೆಕ್ಕ ಹೇಳೇನಿ.