ಕಲ್ಯದ ಶಾಸನವೂ ಮರಳವಾಡಿಯ ಪ್ರಶ್ನೆಯೂ

ಬುಕ್ಕರಾಯನ ಕಾಲದ ಜೈನ-ಶ್ರೀವೈಷ್ಣವ ಒಡಂಬಡಿಕೆಯ ಶಾಸನವನ್ನು ಕುರಿತು ನಾನು ಎಷ್ಟು ಸಭೆಗಳಲ್ಲಿ ಮಾತನಾಡಿರುವೆನೋ ಲೆಕ್ಕವಿಟ್ಟಿಲ್ಲ. ರಾಜ್ಯೋತ್ಸವದ ಉಪನ್ಯಾಸಕ್ಕೆಂದು ಮರಳವಾಡಿಗೆ ಹೋದಾಗಲೂ ಅದನ್ನೇ ಆರಿಸಿಕೊಂಡೆ. ಆ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದ್ದರೆ ಇನ್ನೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ತಮ್ಮ ಸೀಮೆಯ ಕಲ್ಲೊಂದರ ಮಹತ್ವ ಅಲ್ಲಿನ ವಿದ್ಯಾರ್ಥಿಗಳಿಗೆ ತಿಳಿಯಲೆಂದು ಪಠ್ಯದ ನೆರಳಚ್ಚು ಪ್ರತಿಗಳನ್ನೂ ಒಯ್ದಿದ್ದೆ.

ಶಾಸನದ ಕಾಲ ಶಕವರ್ಷ 1290, ಅಂದರೆ ಕ್ರಿ.ಶ. 1368. ‘ಭಕ್ತರು’ ಎಂದರೆ ಶ್ರೀವೈಷ್ಣವರು. ‘ಭವ್ಯರು’ ಎಂದರೆ ಜೈನರು. ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಭವ್ಯರು ಅರಸನಿಗೆ ಬಿನ್ನೈಸಿದರು. ಈ ಕಲ್ಲೆಹವೇ ಇಂದಿನ ಕಲ್ಯ. ಬುಕ್ಕರಾಯನು ತಿರುಮಲೆ, ಮೇಲುಕೋಟೆ ಮುಂತಾದ ಕ್ಷೇತ್ರಗಳ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರವರೆಗೆ ಎಲ್ಲರನ್ನೂ ಸಾಕ್ಷಿಯಾಗಿರಿಸಿಕೊಂಡು, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯವೂ ಕಲಶವೂ ಜೈನದರ್ಶನಕ್ಕೆ ಹಿಂದಿನಂತೆಯೇ ಸಲ್ಲಬೇಕು. ಭಕ್ತರ ದೆಸೆಯಿಂದ ಅದಕ್ಕೆ ಹಾನಿಯೊದಗಿದರೆ ಅದನ್ನು ವೈಷ್ಣವದರ್ಶನದ ಹಾನಿಯೆಂದೇ ಬಗೆಯಬೇಕು ಎಂದು ವಿಧಿಸಿದನು. ಈ ಕೊನೆಯ ಮಾತಿಗೆ ಬಂದಾಗ ನನ್ನ ದನಿ ತುಸು ಏರುವುದು ರೂಢಿ. ಅಂದೂ ಏರಿತು.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ದ್ವಿತೀಯ ಪಿಯುಸಿ ಓದುವವಳು, ರೇಷ್ಮೆ ನೂಲು ತೆಗೆಯುವ ಮುಸ್ಲಿಂ ಮನೆತನದವಳು. ಪ್ರತಿಯ ಕೆಳಭಾಗದಲ್ಲಿ ಬೆರಳಿಟ್ಟು, “ಸರ್, ಕಾವಲಿಗೆ ದುಡ್ಡು ಕೊಟ್ಟವರು ಯಾರು?” ಎಂದು ಕೇಳಿದಳು.

ನಾನು ಸಾಮಾನ್ಯವಾಗಿ ಬೇಗಬೇಗನೆ ದಾಟಿಬಿಡುವ ಭಾಗವದು. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಎತ್ತಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿರಿಸಿ, ಮಿಕ್ಕುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಯಿಸಬೇಕು. ಅನ್ಯಾಯಕ್ಕೊಳಗಾದವರೇ ಕಾವಲಿನ ವೆಚ್ಚವನ್ನು ಹೊರಬೇಕು, ಅದರ ಉಸ್ತುವಾರಿ ಮಾತ್ರ ಎದುರು ಪಕ್ಷದ ಆಚಾರ್ಯನದು. ಭವ್ಯರ ಒಪ್ಪಿಗೆಯಿಂದಲೇ ಇದು ನಡೆಯಿತೆಂದು ಶಾಸನ ಹೇಳುತ್ತದಮ್ಮಾ ಎಂದೆ.

“ಒಪ್ಪುವುದಿಲ್ಲ ಅನ್ನೋದಕ್ಕೆ ಆಗ್ತಿತ್ತಾ ಸರ್?”

ಸಭೆ ನಕ್ಕಿತು, ನಾನೂ ನಕ್ಕೆ. ಉತ್ತರ ಮಾತ್ರ ಹೊಳೆಯಲಿಲ್ಲ.

ಈ ಶಾಸನವನ್ನು ಧರ್ಮಸಹಿಷ್ಣುತೆಯ ಮಾದರಿಯೆಂದು ಕೊಂಡಾಡುವ ಪರಂಪರೆಯಲ್ಲಿ ಬೆಳೆದವನು ನಾನು. ಬುಕ್ಕರಾಯನ ತೀರ್ಪು ಆ ಕಾಲಕ್ಕೆ ಸಣ್ಣದೇನಲ್ಲ ಎಂಬ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆದರೆ ಅದು ಬಿನ್ನಹಕ್ಕೆ ಸಿಕ್ಕ ಪ್ರಸಾದ. ಅರಸನ ಮನಸ್ಸು ಬೇರೆಯಾಗಿದ್ದರೆ ಕಲ್ಲೂ ಬೇರೆಯಾಗುತ್ತಿತ್ತು. ಸಂವಿಧಾನದ 25, 29, 30ನೆಯ ವಿಧಿಗಳ ಹಕ್ಕುಗಳಿಗೆ ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಾಗಿಲ್ಲ. ನಾನು ಅಲ್ಲಿ ಹೇಳಬೇಕಾಗಿದ್ದುದು ಈ ವ್ಯತ್ಯಾಸವನ್ನು. ಅದು ನೆನಪಾದದ್ದು ಚಹಾದ ಹೊತ್ತಿಗೆ.

ಹುಡುಗಿ ಅಲ್ಲಿಯೇ ಇದ್ದಳು. ನಾನು ವಿಧಿಗಳ ವಿಷಯವೆತ್ತಿದಾಗ ತನ್ನ ತಮ್ಮನ ಮಾತೆತ್ತಿದಳು. ಅವನು ಆರನೆಯ ತರಗತಿಯಲ್ಲಿದ್ದಾಗ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ನಿಂತುಹೋಯಿತಂತೆ. ಕೇಂದ್ರ ಸರ್ಕಾರವು 2022ರಲ್ಲಿ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿತು; ಎಂಟನೆಯ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯೇ ಇದೆಯಲ್ಲ ಎಂಬುದು ಕೊಟ್ಟ ಕಾರಣ. ಸಂಶೋಧನಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಂತದ್ದೂ ಅದೇ ವರ್ಷ, ಅದು ಎಂ.ಎ. ಓದುವವರಿಗೆ ಗೊತ್ತು, ಆರನೆಯ ತರಗತಿಯ ಹುಡುಗನದು ಯಾರಿಗೂ ಗೊತ್ತಾಗಲಿಲ್ಲ. ವಿಧಿಯಲ್ಲಿರುವುದು ಹಕ್ಕು, ಯೋಜನೆಯಲ್ಲಿ ಬರುವುದು ಮತ್ತೆ ಪ್ರಸಾದವೇ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತಾಗ, ಕೈಚಾಚುವವರ ಸಾಲಿಗೆ ನಾವೇಕೆ ಎಂದ ಹಿರಿಯರಿದ್ದರು. ನಾನು ಎದುರಾಡಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ತಲೆದೂಗಿದ್ದೆ. 2011ರ ಜನಗಣತಿಯಂತೆ ದೇಶದಲ್ಲಿ ನಾವು ಸುಮಾರು 44.5 ಲಕ್ಷ, ನೂರಕ್ಕೆ ಅರ್ಧದಷ್ಟೂ ಇಲ್ಲ. 1368ರಲ್ಲಿ ಅರಸನ ಮುಂದೆ ಚಾಚಿದ ಕೈ ನಮ್ಮದೇ ಎಂಬುದನ್ನು ಶಾಸನ ಪಾಠ ಮಾಡುವವನೇ ಮರೆತಿದ್ದೆ. ಅಂದು ಆ ಹಿರಿಯರ ನಡುವೆ ಇಪ್ಪತ್ತರ ಪ್ರಾಯದವರು ಒಬ್ಬರೂ ಇರಲಿಲ್ಲ, ವಿದ್ಯಾರ್ಥಿವೇತನ ಬೇಕಾದವರು ಅವರೇ ಆಗಿದ್ದರೂ.

ಕಲ್ಲೆಹದ ಬುಸುವಿಸೆಟ್ಟಿಯು ಅರಸನಿಗೆ ಬಿನ್ನಹ ಮಾಡಿ ಈ ಶಾಸನದ ಜೀರ್ಣೋದ್ಧಾರ ಮಾಡಿಸಿದನೆಂದೂ ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರೆಂದೂ ಶಾಸನದಿಂದ ತಿಳಿಯುತ್ತದೆ. ಹೊರಡುವ ಮುನ್ನ ಅದನ್ನು ಹೇಳಿದೆ. ಅವಳು ಪ್ರತಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಆ ಕಲ್ಲನ್ನು ಯಾರು ಬೇಕಾದರೂ ನೋಡಬಹುದೇ ಎಂದು ಕೇಳಿದಳು. ನೋಡಬಹುದು, ಆದರೆ ಕನಕಪುರ, ರಾಮನಗರ, ಮಾಗಡಿಯೆಂದು ಬಸ್ಸು ಬದಲಿಸಬೇಕಾದೀತು ಎಂದೆ.

“ನಮಗೆ ಟಿಕೆಟ್ ಇಲ್ಲವಲ್ಲ ಸರ್” ಎಂದು ನಕ್ಕಳು.