ನಾದಿನಿಯ ಜೊತೆ ಹದಿಮೂರು ಮೈಲಿ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಟೈನ್ ಎಂಬ ನದಿಯಿದೆ. ಅದರ ಉತ್ತರದ ದಡದಲ್ಲಿ ನ್ಯೂಕ್ಯಾಸಲ್, ದಕ್ಷಿಣದ ದಡದಲ್ಲಿ ಗೇಟ್ಸ್‌ಹೆಡ್. ನದಿ ಹೀಗೇ ಮುಂದೆ ಹೋಗಿ ಸೌತ್ ಶೀಲ್ಡ್ಸ್ ಎಂಬ ಊರಿನ ಬಳಿ ಸಮುದ್ರ ಸೇರುತ್ತದೆ. ಪ್ರತಿವರ್ಷ ಸೆಪ್ಟೆಂಬರ್‌ನ ಒಂದು ಭಾನುವಾರ ಸುಮಾರು ಅರವತ್ತು ಸಾವಿರ ಜನ ನ್ಯೂಕ್ಯಾಸಲ್‌ನಿಂದ ಆ ಸಮುದ್ರದವರೆಗೆ ಓಡುತ್ತಾರೆ. ದೂರ ಹದಿಮೂರು ಮೈಲಿಗೆ ಸ್ವಲ್ಪ ಹೆಚ್ಚು, ಅಂದರೆ 21 ಕಿಲೋಮೀಟರ್. ಗ್ರೇಟ್ ನಾರ್ತ್ ರನ್ ಎಂದು ಇದರ ಹೆಸರು.

ಶಿವಮೊಗ್ಗದ ಹುಡುಗಿಯಾದ ನನಗೂ ಓಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮದುವೆಯಾಗಿ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದನ್ನು ಕಂಡು ನಾನು ಅತ್ತಿದ್ದೆ. ಆ ಬೇಸರ ಕಳೆಯಲು ಮೊದಲು ನಡೆಯಲು ಕಲಿತೆ, ಆಮೇಲೆ ಓಡಲು. 2022 ಮತ್ತು 2023ರಲ್ಲಿ ಈ ಓಟವನ್ನು ಮುಗಿಸಿದ್ದೆ. ಎರಡನೆಯ ಸಲ ಎರಡು ಗಂಟೆ ಎಂಟು ನಿಮಿಷ ಹಿಡಿದಿತ್ತು. ಎರಡು ಗಂಟೆಯೊಳಗೆ ಮುಗಿಸಬೇಕೆಂಬ ಹಠ ಅಂದಿನಿಂದಲೇ ಹುಟ್ಟಿಕೊಂಡಿತು. ಈ ಹಠದ ಮಾತನ್ನು ಮುಂದೆ ಹೇಳುತ್ತೇನೆ.

ನನ್ನ ನಾದಿನಿ ತನ್ನ ಗಂಡನಿಗೆ ಇಲ್ಲೇ ಕೆಲಸ ಸಿಕ್ಕಿದ್ದರಿಂದ 2022ರ ಕೊನೆಗೆ ಬಂದಳು. ಫೆನ್ಹಮ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ಮನೆ. ಎರಡನೆಯ ಹೆರಿಗೆಯ ವೇಳೆ ಕಾಣಿಸಿಕೊಂಡಿದ್ದ ಸಕ್ಕರೆ ಕಾಯಿಲೆ ಹೆರಿಗೆಯ ನಂತರ ಮರೆಯಾಗಿತ್ತು. ಮೂವತ್ತೇಳನೆಯ ವಯಸ್ಸಿಗೆ ಮತ್ತೆ ಬಂತು, ಈ ಸಲ ಹೋಗುವುದಕ್ಕಲ್ಲ. ನಮ್ಮ ಕಡೆಯ ಜನರಿಗೆ ಈ ಕಾಯಿಲೆ ಇಲ್ಲಿಯವರಿಗಿಂತ ಬೇಗ ಬರುತ್ತದೆ, ಮೈ ದಪ್ಪವಾಗಿರಲೇಬೇಕೆಂದೇನೂ ಇಲ್ಲ ಎಂದು ಇಲ್ಲಿಯ ವೈದ್ಯೆ ಹೇಳಿದರು. ಅವಳು ಆ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಕಣ್ಣ ಮುಂದೆ ಅಮ್ಮಿಯ ಕಾಲು ಬಂದಿರಬೇಕು.

ನನ್ನ ಅತ್ತೆಯ ಕಾಲಿನ ಕಥೆ ಶುರುವಾಗಿದ್ದು ಒಂದು ಮದುವೆ ಮನೆಯಲ್ಲಿ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಅವರಿಗೆ ನೋವೇ ಆಗಲಿಲ್ಲ. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಸದ್ದಿಲ್ಲದೆ ತಿಂದುಬಿಟ್ಟಿತ್ತು. ಮೂರು ದಿನ ಅದೇ ಚಪ್ಪಲಿಯಲ್ಲಿ ಓಡಾಡಿ ನೆಂಟರಿಗೆ ಬಿರಿಯಾನಿ ಬಡಿಸಿದರು. ನಾಲ್ಕನೆಯ ದಿನ ಕೆಲಸದಾಕೆ ನೆಲದ ಮೇಲೆ ಕಲೆ ನೋಡಿ ಹೇಳಿದ ಮೇಲೆ ಗೊತ್ತಾಯಿತು. ಆರು ತಿಂಗಳ ಚಿಕಿತ್ಸೆಯ ನಂತರ ಮೊಣಕಾಲಿನ ಕೆಳಗೆ ತೆಗೆಯಲೇಬೇಕಾಯಿತು. ಅದಾಗಿ ಮೂರು ವರ್ಷಕ್ಕೆ, 2019ರಲ್ಲಿ, ಅವರು ತೀರಿಕೊಂಡರು.

2024ರ ಆಗಸ್ಟ್ 11ರಂದು ನಾವಿಬ್ಬರೂ ನಮ್ಮ ಮನೆಯ ಟಿವಿ ಮುಂದೆ ಕುಳಿತಿದ್ದೆವು. ಪ್ಯಾರಿಸ್ ಒಲಿಂಪಿಕ್ಸ್‌ನ ಕೊನೆಯ ದಿನ. ಇಥಿಯೋಪಿಯಾದಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸ್ ಪರವಾಗಿ ಓಡುವ ಸಿಫಾನ್ ಹಸನ್ ಮಹಿಳೆಯರ ಮ್ಯಾರಥಾನ್ ಗೆದ್ದರು. ಅದೇ ಒಲಿಂಪಿಕ್ಸ್‌ನಲ್ಲಿ ಐದು ಸಾವಿರ ಮತ್ತು ಹತ್ತು ಸಾವಿರ ಮೀಟರ್‌ಗಳಲ್ಲಿ ಕಂಚು ಪಡೆದ ಮೇಲೆ 42 ಕಿಲೋಮೀಟರ್ ಓಡಿ ಚಿನ್ನ! ಸಮಾರೋಪದಲ್ಲಿ ಪದಕ ಪಡೆಯಲು ಅವರು ಹಿಜಾಬ್ ಧರಿಸಿ ಬಂದರು. ನಾದಿನಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಭಾಭಿ, ನೀವು ಓಡುವ ಆ ಓಟವನ್ನು ನಾನು ಓಡಬಹುದಾ? ನೀವು ಜೊತೆಗೆ ಇರ್ತೀರಾ?” ಎಂದು ಕೇಳಿದಳು. ನಾನು ಯೋಚಿಸದೆ ಹೂಂ ಎಂದೆ.

ಊರಿಗೆ ಫೋನ್ ಮಾಡಿ ಹೇಳಿದಾಗ ಮಾವ, “ಓಡೋದಾ? ಯಾರಾದರೂ ಅಟ್ಟಿಸಿಕೊಂಡು ಬರ್ತಾರಾ?” ಎಂದು ನಕ್ಕರು. ಮರುದಿನ ಅವರೇ ಫೋನ್ ಮಾಡಿ, ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರ ಜೊತೆ ಓಟದ ಸ್ಪರ್ಧೆ ಮಾಡಿದ್ದನ್ನು ನೆನಪಿಸಿ, “ಓಡಲಿ, ಆದರೆ ಕಾಲು ಜೋಪಾನ” ಎಂದರು.

ನ್ಯೂಕ್ಯಾಸಲ್‌ನ ನಡುಮಧ್ಯದಲ್ಲಿ ಟೌನ್ ಮೂರ್ ಎಂಬ ದೊಡ್ಡ ಹುಲ್ಲುಗಾವಲಿದೆ. ಅಲ್ಲಿ ದನ ಮೇಯಿಸುವ ಹಕ್ಕು ಊರಿನ ಕೆಲವು ಹಳೆಯ ಕುಟುಂಬಗಳಿಗೆ ಶತಮಾನಗಳಿಂದ ಬಂದಿದೆ. ಒಂದು ಕಡೆ ವಿಶ್ವವಿದ್ಯಾಲಯ, ಆಸ್ಪತ್ರೆ, ಬಸ್ಸುಗಳು. ಇನ್ನೊಂದು ಕಡೆ ಮೆಲುಕು ಹಾಕುತ್ತ ಕುಳಿತ ಹಸುಗಳು. ನಮ್ಮ ಅಭ್ಯಾಸವೆಲ್ಲ ಅಲ್ಲಿಯೇ ನಡೆಯಿತು. 2025ರ ಜನವರಿಯಲ್ಲಿ ನಾದಿನಿಗೆ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಓಡಿದರೆ ಸಾಕು, ಏದುಸಿರು. ಒಂದು ಕಂಬ ಓಟ, ಎರಡು ಕಂಬ ನಡಿಗೆ ಎಂದು ಲೆಕ್ಕ ಹಾಕಿಕೊಂಡೆವು. ಮಾತನಾಡುತ್ತಾ ಓಡಲು ಸಾಧ್ಯವಾದರೆ ವೇಗ ಸರಿಯಾಗಿದೆ ಎಂದರ್ಥ. ನಾದಿನಿಯ ವಿಷಯದಲ್ಲಿ ಈ ಪರೀಕ್ಷೆ ಸುಲಭ, ಅವಳು ಮಾತು ನಿಲ್ಲಿಸಿದಳೆಂದರೆ ಏನೋ ತಪ್ಪಾಗಿದೆ ಎಂದೇ. ರಮದಾನ್ ತಿಂಗಳಲ್ಲಿ ಇಫ್ತಾರ್ ಆದ ಮೇಲೆ ನಡಿಗೆ ಮಾತ್ರ. ಬೇಸಿಗೆಯ ಹೊತ್ತಿಗೆ ಹತ್ತು ಮೈಲಿ ತಲುಪಿದಳು. ವೈದ್ಯೆ ಒಪ್ಪಿಗೆ ಕೊಟ್ಟರು. ಅವಳು ತೆಗೆದುಕೊಳ್ಳುವ ಮಾತ್ರೆಯಿಂದ ಸಕ್ಕರೆ ತೀರಾ ಕುಸಿಯುವ ಭಯ ಕಡಿಮೆ, ಆದರೂ ಜೇಬಿನಲ್ಲಿ ಸಿಹಿ ಇರಲಿ, ಶೂ ಬಗ್ಗೆ ಜಿಪುಣತನ ಬೇಡ ಎಂದು ಎಚ್ಚರಿಸಿದರು.

ಈ ಓಟವನ್ನು ಆರಂಭಿಸಿದವರು ಬ್ರೆಂಡನ್ ಫಾಸ್ಟರ್. 1976ರ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಟದಲ್ಲಿ ಕಂಚು ಗೆದ್ದವರು. ನ್ಯೂಜಿಲೆಂಡಿನ ಆಕ್‌ಲ್ಯಾಂಡ್‌ನಲ್ಲಿ ಸಾಮಾನ್ಯ ಜನರೇ ಸಾವಿರಾರು ಸಂಖ್ಯೆಯಲ್ಲಿ ಓಡುವುದನ್ನು ಕಂಡು ಬಂದು 1981ರಲ್ಲಿ ತಮ್ಮ ಊರಿನಲ್ಲೂ ನಡೆಸಿದರು. ಸೊಮಾಲಿಯಾ ಮೂಲದ ಮೊ ಫರಾ ಇದನ್ನು 2014ರಿಂದ 2019ರವರೆಗೆ ಸತತ ಆರು ಸಲ ಗೆದ್ದರು. ಅವರ ಕೊನೆಯ ಓಟವೂ ಇದೇ, 2023ರಲ್ಲಿ. ಅಂದು ಅವರು ನಾಲ್ಕನೆಯವರಾಗಿ ಮುಗಿಸುವಾಗ ನಾನಿನ್ನೂ ಅರ್ಧದಾರಿಯನ್ನೂ ತಲುಪಿರಲಿಲ್ಲ. ಆದರೂ ಮೊ ಫರಾ ಓಡಿದ ಓಟದಲ್ಲಿ ನಾನೂ ಓಡಿದ್ದೇನೆ ಎಂದು ಊರಿನಲ್ಲಿ ಹೇಳಿಕೊಳ್ಳಲು ಏನೂ ಅಡ್ಡಿಯಿಲ್ಲವಲ್ಲ!

2025ರ ಸೆಪ್ಟೆಂಬರ್ 7. ಉದ್ದ ತೋಳಿನ ಸಡಿಲ ಅಂಗಿ, ಕಾಲು ಮುಚ್ಚುವ ಪ್ಯಾಂಟ್, ಬೆವರು ಹೀರುವ ಬಟ್ಟೆಯ ಸ್ಕಾರ್ಫ್, ಎದೆಯ ಮೇಲೆ ಪಿನ್ ಮಾಡಿದ ನಂಬರ್. ಕಾರುಗಳಿಗಾಗಿಯೇ ಕಟ್ಟಿದ ಅಗಲವಾದ ಹೆದ್ದಾರಿಯ ತುಂಬ ಅಂದು ಬರೀ ಮನುಷ್ಯರು. ನಮ್ಮ ಮುಂದೆ ಒಬ್ಬ ಮುದುಕರು ಬೆನ್ನಿನ ಮೇಲೆ ಹೆಂಡತಿಯ ಫೋಟೋ ಅಂಟಿಸಿಕೊಂಡಿದ್ದರು. ಇಲ್ಲಿ ಓಡುವವರಲ್ಲಿ ಬಹುಮಂದಿ ಯಾವುದಾದರೂ ಆಸ್ಪತ್ರೆಗೋ ಕಾಯಿಲೆಯ ಸಂಶೋಧನೆಗೋ ಹಣ ಕೂಡಿಸಲು ಓಡುತ್ತಾರೆ. ನಮ್ಮ ಗುಂಪಿನ ಸರದಿ ಬರುವವರೆಗೆ ನಿಂತೂ ನಿಂತೂ ಸಾಕಾಯಿತು. “ಭಾಭಿ, ಮನೆಗೆ ಹೋಗೋಣವಾ?” ಎಂದು ಅವಳು ಎರಡು ಸಲ ಕೇಳಿದಳು. ತಮಾಷೆಗೆ ಎಂದುಕೊಂಡು ಕೈ ಹಿಡಿದರೆ, ಕೈ ತಣ್ಣಗಿತ್ತು.

ಒಂದು ಮೈಲಿ ದಾಟಿದ ಮೇಲೆ ಟೈನ್ ಸೇತುವೆ. 1928ರಲ್ಲಿ ತೆರೆದ ಉಕ್ಕಿನ ದೊಡ್ಡ ಕಮಾನು. ಈಗ ನೂರನೇ ವರ್ಷದ ಹೊತ್ತಿಗೆ ಸಿದ್ಧವಾಗಲೆಂದು ದುರಸ್ತಿ ನಡೆಯುತ್ತಿದೆ. ಸಮುದ್ರದ ಬಂಡೆಗಳಲ್ಲಿ ಗೂಡು ಕಟ್ಟುವ ಕಿಟ್ಟಿವೇಕ್ ಎಂಬ ಹಕ್ಕಿಗಳು ಇಷ್ಟು ಒಳನಾಡಿಗೆ ಬಂದು ಈ ಸೇತುವೆಯ ಸಂದುಗಳಲ್ಲಿ ಸಂಸಾರ ಹೂಡುತ್ತವೆ. ಬೇಸಿಗೆಯಲ್ಲಿ ಅವುಗಳ ಗಲಾಟೆ ಕಿವಿಗಡಚಿಕ್ಕುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಅವು ಸಮುದ್ರಕ್ಕೆ ಹೊರಟುಹೋಗಿರುತ್ತವೆ, ಗಲಾಟೆಯ ಕೆಲಸ ಮನುಷ್ಯರದ್ದು. ಸೇತುವೆಯ ನಡುವೆ ನಾದಿನಿ ಕೆಳಗೆ ನೀರು ನೋಡಿ, “ನಮ್ಮ ತುಂಗೆಯ ಹಳೇ ಸೇತುವೆ ಮೇಲೆ ಅಮ್ಮಿ ಕೈ ಬಿಡ್ತಾನೇ ಇರಲಿಲ್ಲ” ಎಂದಳು. ಆಗ ಅವಳು ಇನ್ನೂ ಮಾತನಾಡುತ್ತಿದ್ದಳು.

ಗೇಟ್ಸ್‌ಹೆಡ್ ದಾಟಿದ ಮೇಲೆ ದಾರಿ ಅಷ್ಟೇನೂ ಚೆಂದವಿಲ್ಲ, ಸುಳ್ಳೇಕೆ ಹೇಳಲಿ. ಹೆದ್ದಾರಿ, ವೃತ್ತ, ಮತ್ತೆ ಹೆದ್ದಾರಿ. ಆದರೆ ಇಕ್ಕೆಲಗಳಲ್ಲಿ ನಿಂತ ಜನ! ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಅಜ್ಜಿಯರು, ಕಿತ್ತಳೆ ಹಣ್ಣು ಸೀಳಿ ತಟ್ಟೆಯಲ್ಲಿಟ್ಟುಕೊಂಡ ಗೃಹಿಣಿಯರು, ಐಸ್ ಕ್ಯಾಂಡಿ ಹಿಡಿದ ಮಕ್ಕಳು. ನಂಬರಿನ ಜೊತೆ ಹೆಸರೂ ಅಚ್ಚಾಗಿರುವುದರಿಂದ ಗುರುತೇ ಇಲ್ಲದವರು ಹೆಸರು ಹಿಡಿದು ಕೂಗುತ್ತಾರೆ. ನಾದಿನಿಯ ಹೆಸರನ್ನು ನಾಲ್ಕು ಥರ ಉಚ್ಚರಿಸಿದರು, ನಾಲ್ಕಕ್ಕೂ ಅವಳು ಕೈ ಬೀಸಿದಳು. “ಗ್ಯಾನ್ ಆನ್, ಪೆಟ್!” ಎಂದರೆ ಇಲ್ಲಿಯ ಭಾಷೆಯಲ್ಲಿ “ಹೋಗಮ್ಮ ಮುಂದೆ” ಎಂದ ಹಾಗೆ. ಒಬ್ಬ ಪುಟ್ಟ ಹುಡುಗಿ ಜೆಲ್ಲಿ ಮಿಠಾಯಿಯ ಡಬ್ಬಿ ಚಾಚಿದಳು. ಅದರಲ್ಲಿ ಜೆಲಾಟಿನ್ ಇರುತ್ತದೆ, ನಮಗಾಗದು. ನಾದಿನಿ ಮಗುವಿನ ಮುಖ ಬಾಡದಿರಲೆಂದು ತನ್ನ ಜೇಬಿನ ಖರ್ಜೂರವೊಂದನ್ನು ಅವಳಿಗೇ ಕೊಟ್ಟು ಬಂದಳು.

ಇನ್ನು ನನ್ನ ಹಠದ ಮಾತು. ನಾನು ಅಂದು ಚೆನ್ನಾಗಿದ್ದೆ. ಕಾಲು ಹಗುರವಾಗಿತ್ತು, ಹವೆ ಹಿತವಾಗಿತ್ತು. ನನ್ನ ವಯಸ್ಸಿನವರು, ನನಗಿಂತ ದಪ್ಪಗಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. ನಾನು ಪದೇಪದೇ ಗಡಿಯಾರ ನೋಡಿಕೊಂಡೆ. ಎರಡು ಗಂಟೆಯ ಆಸೆ ಹೋಗಿತ್ತು ನಿಜ, ಮೂರು ಗಂಟೆಯೊಳಗಾದರೂ ಮುಗಿಯಲಿ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಏಳನೆಯ ಮೈಲಿಯಿಂದ ಅವಳಿಗಿಂತ ಎರಡು ಹೆಜ್ಜೆ ಮುಂದೆ ಓಡತೊಡಗಿದೆ. ಜೊತೆಗಿದ್ದಂತೆಯೂ ಇರಬೇಕು, ಎಳೆದಂತೆಯೂ ಆಗಬೇಕು. ಅವಳು ಪಾಪ, ಒಂದು ಮಾತೂ ಆಡದೆ ಹಿಂದೆ ಬಂದಳು. ಅವಳು ಮಾತು ನಿಲ್ಲಿಸಿದ್ದಾಳೆಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಹತ್ತನೆಯ ಮೈಲಿಯ ಹೊತ್ತಿಗೆ ಜಾನ್ ರೀಡ್ ರಸ್ತೆ ಎಂಬ ಉದ್ದನೆಯ ಏರು. ಕಡಿದಾದ ಏರಲ್ಲ, ಮುಗಿಯದ ಏರು. ತಿರುಗಿ ನೋಡಿದೆ. ಅವಳು ಎಡಗಾಲನ್ನು ಓರೆಯಾಗಿ ಊರುತ್ತಿದ್ದಳು.

“ಏನಾಯ್ತೇ?”

“ಹಿಮ್ಮಡಿ ಭಾಭಿ. ಎಂಟನೇ ಮೈಲಿಯಿಂದ.”

“ಆಗಲೇ ಯಾಕೆ ಹೇಳಲಿಲ್ಲ?”

“ನೀವು ಗಡಿಯಾರ ನೋಡ್ತಿದ್ರಲ್ಲ.”

ನನಗೆ ಎದೆ ಧಸಕ್ಕೆಂದಿತು. ಅತ್ತೆಯ ಹಿಮ್ಮಡಿಯೂ ಎಡಗಾಲಿನದ್ದೇ. ರಸ್ತೆಯ ಬದಿಯ ಪ್ರಥಮ ಚಿಕಿತ್ಸೆಯ ಡೇರೆಯವರೆಗೆ ಅವಳನ್ನು ಆತುಕೊಂಡು ನಡೆಸಿದೆ. “ಈಕೆಗೆ ಸಕ್ಕರೆ ಕಾಯಿಲೆಯಿದೆ” ಎಂದೊಡನೆ ಅಲ್ಲಿದ್ದ ಸ್ವಯಂಸೇವಕಿ ಕೈಗವಸು ಬದಲಿಸಿ, ಕುರ್ಚಿಯ ಮುಂದೆ ಮಂಡಿಯೂರಿ ಕುಳಿತರು. ಶೂ ಬಿಚ್ಚಿ ಕಾಲುಚೀಲ ಇಳಿಸುವ ಆ ಅರ್ಧ ನಿಮಿಷ ನಾನು ಬೇರೆ ಕಡೆ ನೋಡಿದೆ. ರಕ್ತವಿಲ್ಲ. ಎಂಟಾಣೆಯಷ್ಟು ಅಗಲದ ಗುಳ್ಳೆ, ಒಡೆದಿರಲಿಲ್ಲ. ಅವರು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ತಿಳಿಯುತ್ತದೆಯೇ ಎಂದು ಕೇಳಿದರು. ಎಲ್ಲ ತಿಳಿಯುತ್ತಿತ್ತು. ಗುಳ್ಳೆಯನ್ನು ಒಡೆಯದೆ ಮೆತ್ತನೆಯ ಪಟ್ಟಿ ಅಂಟಿಸಿ, ಇಲ್ಲಿಗೇ ನಿಲ್ಲಿಸಿದರೂ ನಾಚಿಕೆಯಿಲ್ಲ, ಮುಂದುವರಿಯುವುದಾದರೆ ಓಡದೆ ನಡೆಯಿರಿ, ಮನೆಗೆ ಹೋದ ಮೇಲೆ ಮತ್ತೆ ನೋಡಿಸಿ ಎಂದರು.

“ಸಾಕು, ಬಸ್ಸಿನಲ್ಲಿ ಹೋಗೋಣ” ಎಂದೆ. ಮನಸಾರೆ ಹೇಳಿದೆ. ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿದ್ದೆ.

ಅವಳು ಕಾಲು ಚಾಚಿಕೊಂಡು ಆ ಪಟ್ಟಿಯನ್ನೇ ನೋಡುತ್ತಿದ್ದಳು. “ಉರೀತಿದೆ ಭಾಭಿ. ಉರಿಯೋದು ಒಳ್ಳೇದಲ್ವಾ? ಅಮ್ಮಿಗೆ ಉರೀತಾನೇ ಇರಲಿಲ್ಲ” ಎಂದಳು. ಇಬ್ಬರಿಗೂ ಅಳು ಬಂತು. ಸ್ವಯಂಸೇವಕಿ ಏನೂ ತಿಳಿಯದೆ ನಮ್ಮಿಬ್ಬರ ಕೈಗೂ ಒಂದೊಂದು ನೀರಿನ ಬಾಟಲಿ ಇಟ್ಟರು.

ಮೂರು ಮೈಲಿ ಉಳಿದಿತ್ತು. ನಡೆದೆವು. ಅವಳು ಮತ್ತೆ ಮಾತನಾಡತೊಡಗಿದಳು. ಅಮ್ಮಿ ಕಾಲು ಹೋದ ಮೇಲೂ ಮಂಚದಲ್ಲಿ ಕುಳಿತೇ ಖೀಮಾ ಹದ ಹೇಳಿಕೊಡುತ್ತಿದ್ದುದು, ಇಲ್ಲದ ಕಾಲಿನ ಹೆಬ್ಬೆರಳು ತುರಿಸುತ್ತದೆ ಎಂದು ಮಧ್ಯರಾತ್ರಿ ಎಬ್ಬಿಸುತ್ತಿದ್ದುದು. ಮಗಳಾಗಿ ಅವಳು ಕಂಡದ್ದರಲ್ಲಿ ಅರ್ಧವೂ ಸೊಸೆಯಾದ ನನಗೆ ಗೊತ್ತಿರಲಿಲ್ಲ. ಹನ್ನೆರಡನೆಯ ಮೈಲಿಯಲ್ಲಿ ರಸ್ತೆ ಇದ್ದಕ್ಕಿದ್ದಂತೆ ಕೆಳಗೆ ಧುಮುಕಿ ಸಮುದ್ರ ಎದುರಾಗುತ್ತದೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಕೊನೆಯ ಮೈಲಿ ಪೂರ್ತಿ ಕಡಲ ದಂಡೆ. ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಗೆರೆ ದಾಟಿದೆವು. ಕಡೆಯ ಇಪ್ಪತ್ತು ಹೆಜ್ಜೆ ನಾನು ಬೇಡವೆಂದರೂ ಓಡಿದಳು.

ಅವಳ ಗಂಡ ಹುಲ್ಲಿನ ಮೇಲೆ ಜಾನಮಾಝ್ ಹಾಸಿಟ್ಟಿದ್ದರು. ಅಲ್ಲೇ ಝುಹ್ರ್ ನಮಾಝ್ ಮಾಡಿದೆವು, ಎಡಗಡೆ ಸಮುದ್ರ. ನಾದಿನಿ ಕುಳಿತೇ ನಮಾಝ್ ಮಾಡಿದಳು.

ಈ ಸೌತ್ ಶೀಲ್ಡ್ಸ್‌ಗೂ ನಮಗೂ ಇನ್ನೊಂದು ನಂಟಿದೆ. ಹಡಗುಗಳು ಕಲ್ಲಿದ್ದಲಿನಿಂದ ನಡೆಯುತ್ತಿದ್ದ ಕಾಲದಲ್ಲಿ ಅವುಗಳ ಕುಲುಮೆಗೆ ಕಲ್ಲಿದ್ದಲು ತುಂಬುತ್ತಿದ್ದ ಯಮನಿ ನಾವಿಕರು ಏಡನ್‌ನಿಂದ ಬಂದು ಇಲ್ಲಿ ನೆಲೆಸಿದರು. 1894ರಲ್ಲೇ ಅವರಿಗಾಗಿ ಮೊದಲ ವಸತಿಗೃಹ ತೆರೆದಿತ್ತು. ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು, ಕೆಲಸಕ್ಕಾಗಿ ಹೊಡೆದಾಟಗಳನ್ನೂ ಕಂಡರು. ಅವರ ಅಲ್ ಅಝ್‌ಹರ್ ಮಸೀದಿ ಲೇಗೇಟ್ ಬೀದಿಯಲ್ಲಿದೆ. 1977ರ ಜುಲೈಯಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಹೊಸ ಮಡದಿಯೊಡನೆ ಈ ಪುಟ್ಟ ಊರಿಗೆ ಬಂದು, ಇದೇ ಮಸೀದಿಯಲ್ಲಿ ತಮ್ಮ ಮದುವೆಗೆ ದುಆ ಮಾಡಿಸಿಕೊಂಡಿದ್ದರು. ಕಾರಿನಲ್ಲಿ ಹೋಗುವಾಗ ನೋಡೋಣವೆಂದುಕೊಂಡೆವು. ರಸ್ತೆಗಳೆಲ್ಲ ಮುಚ್ಚಿದ್ದವು, ನಡೆಯುವ ಮಾತೇ ಇಲ್ಲ. ಇನ್ನೊಮ್ಮೆ ಬಂದರಾಯಿತು.

ಮನೆಗೆ ಬರುವಾಗ ಸಂಜೆಯಾಗಿತ್ತು. ಆ ವರ್ಷದ ಪದಕದ ಮೇಲೆ ಟೈನ್ ನದಿಯ ಬದಲು ಪಕ್ಕದ ಸಂಡರ್‌ಲ್ಯಾಂಡ್‌ನ ವೇರ್ ನದಿಯ ನಕ್ಷೆ ಅಚ್ಚಾಗಿತ್ತು. ಎರಡೂ ಊರುಗಳಿಗೆ ಫುಟ್ಬಾಲ್ ವೈರ, ಆದ್ದರಿಂದ ಊರೆಲ್ಲ ನಗೆಯೋ ನಗೆ. ಮಾವನಿಗೆ ವಿಡಿಯೋ ಕರೆ ಮಾಡಿ ಪದಕ ತೋರಿಸಿದೆವು.

“ಅದಿರಲಿ, ಕಾಲು ತೋರಿಸು” ಎಂದರು. ನಾದಿನಿ ಫೋನನ್ನು ಪಾದದ ಹತ್ತಿರ ಹಿಡಿದಳು. ಮಾವ ಕನ್ನಡಕ ಹಾಕಿಕೊಂಡು, ಫೋನನ್ನು ಕಣ್ಣಿಗೆ ಹತ್ತಿರ ತಂದು, ಬಹಳ ಹೊತ್ತು ನೋಡಿದರು.