ಚಿನ್ನದ ಸೀಮೆಯಲ್ಲಿ ಶ್ರದ್ಧೆಯೂ ವಿಧೇಯತೆಯೂ

ಬೆಂಗಳೂರಿನಿಂದ ಚೆನ್ನೈ ದಾರಿಯನ್ನು ಹಿಡಿದು ಪೂರ್ವಾಭಿಮುಖವಾಗಿ ಹೊರಟ ರೈಲುಗಾಡಿಯು ಸುಮಾರು 70 ಕಿಲೋಮೀಟರು ಸಾಗಿದ ಮೇಲೆ ಬಂಗಾರಪೇಟೆಯ ನಿಲ್ದಾಣವನ್ನು ಸೇರುವುದು. ಹೆಸರನ್ನು ಕೇಳಿದವರು ಇಲ್ಲಿಯೇ ಬಂಗಾರವನ್ನು ಅಗೆಯುತ್ತಿದ್ದರೆಂದು ಭಾವಿಸುವುದುಂಟು. ಸಂಗತಿ ಹಾಗಲ್ಲ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಲ್ಯೂಯಿನ್ ಬೌರಿಂಗ್ ಸಾಹೇಬರ ಹೆಸರಿನಿಂದ ಇದಕ್ಕೆ ಬೌರಿಂಗ್‌ಪೇಟೆಯೆಂಬ ನಾಮಧೇಯವಿದ್ದಿತು. ಬಳಿಕ ಅದು ಬಂಗಾರಪೇಟೆಯಾಯಿತು. ಹೊಸ ಹೆಸರು ಒಪ್ಪಿತವಾಗಿಯೇ ಇದೆ. ಚಿನ್ನ ಇಲ್ಲಿ ಹುಟ್ಟದಿದ್ದರೂ ಚಿನ್ನದ ಸೀಮೆಗೆ ಬಾಗಿಲು ಇದೇ. ಇಲ್ಲಿಂದ ಒಂದು ಕವಲು ದಾರಿಯು ದಕ್ಷಿಣಕ್ಕೆ ತಿರುಗಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪದಲ್ಲಿ ಮುಗಿಯುವುದು. ಮತ್ತೊಂದು ದಾರಿ ಉತ್ತರಕ್ಕೆ ಕೋಲಾರದ ಕಡೆಗೆ ಹೋಗುವುದು. ಅದರಲ್ಲಿ ಹಿಂದೆ ಕಿರುಹಳಿಯ ಪುಟ್ಟ ಗಾಡಿ ಓಡುತ್ತಿದ್ದಿತು, ಈಗ ಅದೂ ಅಗಲಹಳಿಯಾಗಿದೆ.

ಈ ಸೀಮೆಯ ಚಿನ್ನದ ವಿಷಯವನ್ನು ಅನೇಕರು ಬರೆದಿದ್ದಾರೆ. ಇಲ್ಲಿ ಇನ್ನೊಂದು ವಿಷಯವನ್ನು ವಾಚಕರ ಮುಂದಿಡಬೇಕೆಂದು ನನ್ನ ಇಚ್ಛೆ. ಕ್ರೈಸ್ತಧರ್ಮವು ತನ್ನ ಅನುಯಾಯಿಗಳಿಂದ ಎರಡು ವಸ್ತುಗಳನ್ನು ಮುಖ್ಯವಾಗಿ ಕೇಳುವುದು: ಪೂರ್ಣಮನಸ್ಸಿನ ವಿಧೇಯತೆ ಒಂದು, ಎದೆಗುಂದದ ಶ್ರದ್ಧೆ ಮತ್ತೊಂದು. ಇವು ಬರಿಯ ಉಪದೇಶದ ಮಾತುಗಳೋ, ಬಾಳಿನಲ್ಲಿ ನಿಲ್ಲತಕ್ಕವುಗಳೋ ಎಂಬುದನ್ನು ನೋಡುವುದಕ್ಕೆ ಈ ಮೂರು ಊರುಗಳ ಸುತ್ತಾಟಕ್ಕಿಂತ ಒಳ್ಳೆಯ ಪಾಠ ದೊರೆಯದು.

ನಾನು ಸಂಸ್ಕೃತವನ್ನು ಓದಿ, ಅದನ್ನೇ ಮಕ್ಕಳಿಗೆ ಹೇಳಿಕೊಟ್ಟು ಕಾಲಕಳೆದವನಾದುದರಿಂದ ಮೊದಲು ಶಬ್ದಗಳ ಮೂಲವನ್ನು ನೋಡುವ ಅಭ್ಯಾಸ ನನಗೆ ಬಿಟ್ಟಿಲ್ಲ. ಶ್ರದ್ಧಾ ಎಂಬುದು ‘ಶ್ರತ್’ ಎಂಬ ಪದವೂ ‘ಧಾ’ ಎಂಬ ಧಾತುವೂ ಕೂಡಿ ಆದುದು. ‘ಶ್ರತ್’ ಎಂದರೆ ಸತ್ಯವೆಂದು ನಿಘಂಟುವಿನಲ್ಲಿ ಹೇಳಿದೆ. ಭಾಷಾಶಾಸ್ತ್ರಜ್ಞರಲ್ಲಿ ಅನೇಕರು ಅದರ ಮೂಲದಲ್ಲಿ ಹೃದಯವೆಂಬ ಅರ್ಥವನ್ನು ಕಾಣುವರು; ಕ್ರೈಸ್ತರ ವಿಶ್ವಾಸಪ್ರಮಾಣದ ಆದಿಯಲ್ಲಿ ಬರುವ ಲ್ಯಾಟಿನ್ ಭಾಷೆಯ ‘ಕ್ರೇದೋ’ ಎಂಬ ಮಾತೂ ಇದರ ಒಡಹುಟ್ಟೆಂದು ತೋರಿಸಿದ್ದಾರೆ. ಹೀಗೆ ಶ್ರದ್ಧೆಯೆಂದರೆ ಹೃದಯವನ್ನು ಒಂದು ಕಡೆ ಇಡುವುದು. ವಿಧೇಯವೆಂಬ ಶಬ್ದದಲ್ಲಿಯೂ ಇರುವುದು ಅದೇ ‘ಧಾ’ ಧಾತುವೇ. ಒಂದು ಬೇರಿನಿಂದ ಎರಡು ಕೊಂಬೆಗಳು.

ಮತ್ತೊಂದು ಶಬ್ದವುಂಟು, ಶುಶ್ರೂಷೆ. ಈಗ ರೋಗಿಗಳ ಸೇವೆಗೆ ಹೇಳುವ ಈ ಮಾತಿನ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’ ಎಂದು. ಗುರುವಿನ ಮಾತಿಗೆ ಕಿವಿಗೊಡುವ ಆಸೆಯುಳ್ಳವನೇ ಸೇವೆ ಮಾಡಬಲ್ಲನೆಂಬ ಭಾವ ಅದರಲ್ಲಿದೆ. ಲ್ಯಾಟಿನಿನಲ್ಲಿಯೂ ಗ್ರೀಕಿನಲ್ಲಿಯೂ ವಿಧೇಯತೆಗೆ ಹೇಳುವ ಪದಗಳು ಕೇಳುವುದೆಂಬ ಧಾತುವಿನಿಂದಲೇ ಬಂದಿವೆ. ಅಷ್ಟು ದೂರವೇಕೆ? ನಮ್ಮ ಮನೆಗಳಲ್ಲಿ ತಾಯಂದಿರು ‘ಮಗು ಹೇಳಿದ ಮಾತು ಕೇಳುತ್ತದೆ’ ಎನ್ನುವಾಗ ಅದಕ್ಕೆ ಕಿವಿಯಿದೆಯೆಂದು ಅರ್ಥವೇ? ಕೇಳಿದಂತೆ ನಡೆಯುವುದೆಂದಲ್ಲವೇ?

ಈಗ ಗಣಿಗಳ ಕಡೆಗೆ ಹೋಗೋಣ. ನ್ಯೂಜಿಲೆಂಡಿನ ಯುದ್ಧದಲ್ಲಿ ಕೆಲಸಮಾಡಿ ನಿವೃತ್ತನಾಗಿದ್ದ ಲವೆಲ್ ಎಂಬ ಐರ್ಲೆಂಡಿನ ಸೈನಿಕನು 1870ರ ದಶಕದಲ್ಲಿ ಇಲ್ಲಿ ಚಿನ್ನವನ್ನು ಹುಡುಕಲು ಸರ್ಕಾರದ ಅನುಮತಿಯನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೆಲಸವನ್ನು ಕೈಗೊಂಡರು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರು ದೂರ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಇಲ್ಲಿಗೆ ಬಂದಿತು. ಚಾಂಪಿಯನ್ ರೀಫ್ ಗಣಿಯು ಕಡೆಗೆ ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿಯಿತು.

ಅಲ್ಲಿ ಕೆಲಸ ಮಾಡಿದವರ ಬಾಳನ್ನು ಸ್ವಲ್ಪ ಊಹಿಸಿಕೊಳ್ಳಿರಿ. ಕಬ್ಬಿಣದ ಪಂಜರದಲ್ಲಿ ನಿಂತು ಒಂದು ಉಕ್ಕಿನ ಹಗ್ಗವನ್ನು ನಂಬಿ ಕತ್ತಲೆಗೆ ಇಳಿಯಬೇಕು. ಆ ಹಗ್ಗವನ್ನು ಸುತ್ತುವ ಯಂತ್ರದ ಬಳಿ ಕುಳಿತವನು ಇವರ ಕಣ್ಣಿಗೆ ಬೀಳುವವನಲ್ಲ. ಅವನಿಗೆ ಇವರೂ ಕಾಣಿಸರು. ಗಂಟೆಯ ಸದ್ದೊಂದೇ ಅವರ ನಡುವಣ ಮಾತು. ಇಷ್ಟು ಹೊಡೆತವಾದರೆ ಇಳಿಸು, ಇಷ್ಟಾದರೆ ನಿಲ್ಲಿಸು ಎಂಬ ಕಟ್ಟಳೆಯನ್ನು ಅವನು ಅರೆಮನಸ್ಸಿನಿಂದ ಕೇಳಿದರೆ ಪಂಜರದಲ್ಲಿದ್ದವರ ಗತಿಯೇನು? ಕೆಳಗೆ ಇಳಿದ ಮೇಲೆ ಕೆಲಸಗಾರನು ತಲೆಯ ಮೇಲಣ ಬಂಡೆಯನ್ನು ಸಲಾಕೆಯಿಂದ ತಟ್ಟಿ ಕಿವಿಗೊಡುವನು. ಗಟ್ಟಿಯಾದ ನಾದ ಬಂದರೆ ಬಂಡೆ ಭದ್ರ; ಟೊಳ್ಳು ಸದ್ದು ಬಂದರೆ ಅಲ್ಲಿ ನಿಲ್ಲಬಾರದು. ಅಷ್ಟು ಎಚ್ಚರವಿದ್ದರೂ ಒತ್ತಡಕ್ಕೆ ಸಿಕ್ಕಿದ ಬಂಡೆಯು ಒಮ್ಮೆಗೇ ಸಿಡಿದು ಪ್ರಾಣಗಳನ್ನು ತೆಗೆದುಕೊಂಡುದು ಈ ಗಣಿಗಳ ಚರಿತ್ರೆಯಲ್ಲಿ ಅನೇಕ ಸಲ ನಡೆದಿದೆ.

ಸತ್ಯವೇದದಲ್ಲಿ ಒಬ್ಬ ಶತಾಧಿಪತಿಯ ಕಥೆಯುಂಟು. ತನ್ನ ಆಳು ಕಾಯಿಲೆಯಾಗಿ ಮಲಗಿರುವಾಗ ಅವನು ಯೇಸುವಿನ ಸಹಾಯವನ್ನು ಬೇಡಿದನು. ತಾವು ಮನೆಗೆ ಬರುವ ಅಗತ್ಯವಿಲ್ಲ, ಒಂದು ಮಾತು ಹೇಳಿದರೆ ಸಾಕೆಂದನು. ಕಾರಣವನ್ನೂ ಅವನೇ ಕೊಟ್ಟನು. ತಾನೂ ಅಧಿಕಾರದ ಕೆಳಗಿರುವವನು, ತನ್ನ ಕೆಳಗೂ ಸಿಪಾಯಿಗಳಿರುವರು, ಹೋಗೆಂದರೆ ಹೋಗುವರು, ಬಾರೆಂದರೆ ಬರುವರು. ಆದುದರಿಂದ ಮಾತಿನ ಬಲವೇನೆಂಬುದು ತನಗೆ ತಿಳಿದಿದೆಯೆಂದು. ವಿಧೇಯತೆಯನ್ನು ಕಲಿತವನಿಗೇ ಶ್ರದ್ಧೆ ಸುಲಭವಾಯಿತೆಂಬುದು ಈ ಕಥೆಯ ಸಾರ. ಗಂಟೆಯ ಸದ್ದನ್ನು ನಂಬಿ ಪಾತಾಳಕ್ಕೆ ಇಳಿದವರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ಗಣಿಯ ಮೊದಲ ದಿನಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಅನೇಕರು ಇಲ್ಲಿಗೆ ಬಂದರು. ಆ ಪ್ರಾಂತದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿಯು ಬಯಲಿನಲ್ಲಿ ನಿಂತು ಗಣಿಯ ಬಡಜನರಿಗೆ ಬೋಧಿಸಿದ್ದನು. ಗ್ವೆನಪ್ ಎಂಬಲ್ಲಿಯ ಕುಸಿದ ಗಣಿಯ ಗುಂಡಿಯೇ ಅವನ ಸಭಾಮಂಟಪವಾಗಿದ್ದಿತು. ಅವನ ಮೆಥೊಡಿಸ್ಟ್ ಪಂಥವು ಕಾರ್ನ್‌ವಾಲಿನ ಗಣಿಗಾರರಲ್ಲಿ ಬೇರೂರಿತು. ಮನುಷ್ಯನ ಪ್ರೀತಿಯೆಲ್ಲವೂ ಏನೂ ಉಳಿಯದಂತೆ ದೇವರಿಗೂ ನೆರೆಯವನಿಗೂ ಸಲ್ಲಬೇಕೆಂಬುದು ವೆಸ್ಲಿಯ ಬೋಧನೆಯ ತಿರುಳು. ಕೂಲಿಗಾಗಿ ಬಂದ ಜನರಲ್ಲಿ ಬಹುಮಂದಿ ತಮಿಳು ಸೀಮೆಯ ಬಡವರು. ಅವರಲ್ಲಿಯೂ ಕ್ರೈಸ್ತರು ಅನೇಕರಿದ್ದರು. ಈಗಲೂ ಊರಿಗಾಂ, ಚಾಂಪಿಯನ್ ರೀಫ್, ರಾಬರ್ಟ್‌ಸನ್‌ಪೇಟೆಗಳಲ್ಲಿ ಸುತ್ತಿದರೆ ದೇವಸ್ಥಾನ, ಮಸೀದಿಗಳ ಜೊತೆಗೆ ನಾನಾ ಪಂಥಗಳ ಚರ್ಚುಗಳು ಕಣ್ಣಿಗೆ ಬೀಳುವುವು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕೂಲಿಯವರಿಗೆ ವಿಧೇಯತೆಯನ್ನು ಬೋಧಿಸುವುದು ಯಜಮಾನರಿಗೆ ಅನುಕೂಲವಲ್ಲವೇ ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. 1930ರಲ್ಲಿ ಗಣಿಯ ಕೆಲಸಗಾರರ ಬೆರಳಚ್ಚನ್ನು ತೆಗೆದು ನೋಂದಾಯಿಸಬೇಕೆಂಬ ನಿಯಮ ಬಂದಾಗ, ನಾವೇನು ಕಳ್ಳರೇ ಎಂದು ಅವರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ನಿಲ್ಲಿಸಿದರು. ಪ್ರತಿದಿನವೂ ಗಂಟೆಯ ಸದ್ದಿಗೆ ತಲೆಬಾಗುತ್ತಿದ್ದ ಜನರೇ ಈ ಅವಮಾನಕ್ಕೆ ತಲೆಬಾಗಲಿಲ್ಲ. ಇವೆರಡರಲ್ಲಿ ವಿರೋಧವಿಲ್ಲವೆಂದು ನನ್ನ ಅಭಿಪ್ರಾಯ. ಭಯದಿಂದ ಬಗ್ಗುವುದು ದಾಸ್ಯ. ಸತ್ಯವೆಂದು ಕಂಡುದಕ್ಕೆ ಒಪ್ಪಿ ನಡೆಯುವುದು ವಿಧೇಯತೆ. ಯೇಸುವಿನ ಶಿಷ್ಯನಾದ ಪೇತ್ರನು ಅಧಿಕಾರಿಗಳ ಸಭೆಯ ಮುಂದೆ ನಿಂತು, ಮನುಷ್ಯರ ಅಪ್ಪಣೆಗಿಂತ ದೇವರ ಅಪ್ಪಣೆ ದೊಡ್ಡದೆಂದು ಹೇಳಿದುದೂ ವಿಧೇಯತೆಯ ಮಾತೇ. ಯಾರ ಮಾತನ್ನು ಕೇಳಬೇಕೆಂಬುದನ್ನು ಹೃದಯವು ಒಮ್ಮೆ ನಿಶ್ಚಯಿಸಿದರೆ ಉಳಿದ ಗದ್ದಲಕ್ಕೆ ಮನುಷ್ಯನು ಹೆದರಬೇಕಾದುದಿಲ್ಲ.

ಇನ್ನು ಉತ್ತರದ ದಾರಿ. ಕೋಲಾರದಲ್ಲಿ ಒಬ್ಬ ಹೆಣ್ಣುಮಗಳ ಚರಿತ್ರೆ ನಮ್ಮನ್ನು ಕಾದಿದೆ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಮಹಾಕ್ಷಾಮವು ಹಿಡಿದಿತ್ತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದುದೇ ಆ ಕಾಲದ ಘೋರವನ್ನು ಹೇಳುವುದು. ಲಂಡನ್ ಮಿಷನ್ನಿನ ಕೆಲಸಕ್ಕೆಂದು ನಮ್ಮ ನಾಡಿಗೆ ಬಂದಿದ್ದ ಮಿಸ್ ಆನ್‌ಸ್ಟಿ ಎಂಬಾಕೆಯು ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಕೋಲಾರದಲ್ಲಿ ಎತ್ತಿಕೊಂಡು ಅನಾಥಾಲಯವನ್ನು ಸ್ಥಾಪಿಸಿದಳು. ಆಶ್ರಯ ಬೇಡಿ ಬಂದ ಮಗುವಿಗೆ ಮೊದಲು ಹಣ ಕೂಡಲಿ, ಆಮೇಲೆ ಬಾ ಎಂದು ಹೇಳುವಂತಿಲ್ಲ. ಹಸಿವು ಇಂದಿನದು, ದಾನ ನಾಳೆ ಬರತಕ್ಕದ್ದು. ಈ ಎರಡರ ನಡುವೆ ನಿಲ್ಲುವುದಕ್ಕೆ ಎದೆಗಾರಿಕೆ ಬೇಕು.

ಅವಳ ದಿಟ್ಟತನಕ್ಕಿಂತ ಹೆಚ್ಚಿನದಾಗಿ ನನಗೆ ತೋರುವುದು ಇನ್ನೊಂದು. 1890ರಲ್ಲಿ ಅವಳು ತಾನು ಕಟ್ಟಿ ಬೆಳಸಿದ ಆ ಸಂಸ್ಥೆಯನ್ನು ಅಮೆರಿಕಾದ ಮೆಥೊಡಿಸ್ಟ್ ಮಿಷನ್ನಿಗೆ ಒಪ್ಪಿಸಿಬಿಟ್ಟಳು. ಕಟ್ಟುವುದಕ್ಕೆ ಶ್ರದ್ಧೆ ಸಾಕು. ಕಟ್ಟಿದುದನ್ನು ಕೈಬಿಡುವುದಕ್ಕೆ ವಿಧೇಯತೆ ಬೇಕು. ಮನೆಯನ್ನು ಕಟ್ಟಿ, ಸೊಸೆಯ ಕೈಗೆ ಬೀಗದ ಕೈಯನ್ನು ಕೊಡಲಾರದೆ ಒದ್ದಾಡುವ ಹಿರಿಯರು ನಮ್ಮಲ್ಲಿ ಎಷ್ಟಿಲ್ಲ! ಆ ಮಿಷನ್ನಿನವರು ಕೋಲಾರದಲ್ಲಿ ಶಾಲೆಗಳನ್ನೂ, ಕೈಕೆಲಸ ಕಲಿಸುವ ಶಿಕ್ಷಣಾಲಯವನ್ನೂ, ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನೂ ಬೆಳಸಿದರು. ಸುತ್ತಣ ಹಳ್ಳಿಗಳ ಅದೆಷ್ಟೋ ತಾಯಂದಿರಿಗೆ ಅಲ್ಲಿ ಶುಶ್ರೂಷೆ ದೊರೆತಿದೆ. ಮತಾಂತರದ ವಿಷಯದಲ್ಲಿ ವಾಚಕರಲ್ಲಿ ಭಿನ್ನಾಭಿಪ್ರಾಯಗಳಿರಬಹುದು, ಇರಲಿ. ಹಸಿದ ಮಗುವನ್ನು ಎತ್ತಿಕೊಂಡ ಕೈಯನ್ನು ಗೌರವಿಸುವುದಕ್ಕೆ ಯಾವ ಅಭಿಪ್ರಾಯವೂ ಅಡ್ಡಿಯಾಗಬಾರದು.

ಬಂಗಾರಪೇಟೆಗೆ ಹಿಂದಿರುಗಿದರೆ ಅಲ್ಲಿ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ ಎಂಬ ವಿದ್ಯಾಲಯವುಂಟು. 1937ರಲ್ಲಿ ಸ್ಥಾಪಿತವಾದ ಇದು ಅಮೆರಿಕಾದ ವರ್ಲ್ಡ್ ಗಾಸ್ಪೆಲ್ ಮಿಷನ್ನಿನಿಂದ ಹುಟ್ಟಿದುದು. ವೆಸ್ಲಿಯ ಬೋಧನೆಯನ್ನೇ ಅನುಸರಿಸುವುದು. ಗುರುಕುಲದಲ್ಲಿ ನಾವು ಮೂಲವನ್ನು ಪದಚ್ಛೇದ, ಅನ್ವಯಗಳಿಂದ ಓದುತ್ತಿದ್ದಂತೆ ಇಂಥ ವಿದ್ಯಾಲಯಗಳಲ್ಲಿ ಸತ್ಯವೇದವನ್ನು ಕ್ರಮವಾಗಿ ಓದಿಸಿ ಸಭೆಗಳ ಸೇವೆಗೆ ಜನರನ್ನು ಸಿದ್ಧಗೊಳಿಸುವರು. ಓದಿದುದು ಪರೀಕ್ಷೆಗೆ ಬರುವುದು ಆಮೇಲೆ: ಸಣ್ಣ ಸಂಬಳದಲ್ಲಿ, ದೂರದ ಹಳ್ಳಿಯಲ್ಲಿ, ಒಲ್ಲದ ನೆರೆಯವರ ನಡುವೆ.

ಗಣಿಗಳ ಸೀಮೆಗೂ ಪರೀಕ್ಷೆಯ ಕಾಲ ಬಂದಿತು. 1956ರಲ್ಲಿ ಅವು ಸರ್ಕಾರದ ಕೈಗೆ ಸೇರಿದುವು. ಚಿನ್ನ ಕಡಮೆಯಾಗಿ, ಖರ್ಚು ಹೆಚ್ಚಿ, 2001ನೆಯ ಫೆಬ್ರವರಿ 28ರಂದು ಕೆಲಸ ನಿಂತಿತು. ಈಗ ಅಲ್ಲಿಗೆ ಹೋದವರು ಅರೆದ ಕಲ್ಲಿನ ಪುಡಿಯನ್ನು ಸುರಿದು ಸುರಿದು ಆದ ಸೈನೈಡು ದಿಬ್ಬಗಳನ್ನೂ, ತುಕ್ಕುಹಿಡಿದ ಯಂತ್ರಗೋಪುರಗಳನ್ನೂ, ಕೂಲಿಯವರ ಸಾಲುಮನೆಗಳನ್ನೂ ನೋಡುವರು. ಬೆಳಗಿನ ಜಾವದಲ್ಲಿಯೇ ಜನರು ರೈಲುಗಾಡಿಯನ್ನೇರಿ ಬೆಂಗಳೂರಿಗೆ ಕೆಲಸಕ್ಕೆ ಹೊರಡುವರು; ಕತ್ತಲೆಯಾದ ಮೇಲೆ ಹಿಂದಿರುಗುವರು. ಹಿರಿಯರು ಸೂರ್ಯನನ್ನು ಕಾಣದೆ ಭೂಮಿಯೊಳಗೆ ದುಡಿದರು; ಮಕ್ಕಳು ಮನೆಯನ್ನು ಹಗಲಿನಲ್ಲಿ ಕಾಣದೆ ದುಡಿಯುವರು. ಆದರೂ ಭಾನುವಾರದ ಗಂಟೆ ನಿಂತಿಲ್ಲ. ಗಣಿಯ ಗಂಟೆ ಮೌನವಾದ ಮೇಲೆಯೂ ಚರ್ಚಿನ ಗಂಟೆಗೆ ಕಿವಿಗೊಡುವವರು ಉಳಿದಿದ್ದಾರೆ. ಚಿನ್ನ ಸಿಕ್ಕುವವರೆಗೆ ಮಾತ್ರ ನಿಲ್ಲತಕ್ಕ ಶ್ರದ್ಧೆಯಾಗಿದ್ದರೆ ಅದೂ ಚಿನ್ನದೊಡನೆ ಮುಗಿಯಬೇಕಾಗಿದ್ದಿತು.

ಅಬ್ರಹಾಮನು ತಾನು ಸೇರಬೇಕಾದ ಊರು ಯಾವುದೆಂದು ತಿಳಿಯದೆಯೇ, ಹೊರಡೆಂದು ಕೇಳಿದ ಮಾತನ್ನು ನಂಬಿ ಮನೆಯನ್ನು ಬಿಟ್ಟನೆಂದು ಕ್ರೈಸ್ತರು ಓದುವರು. ನಮ್ಮ ಗೃಹಸ್ಥಜೀವನದಲ್ಲಿ ಅಷ್ಟು ದೊಡ್ಡ ಕರೆ ಬಾರದಿರಬಹುದು. ಸಣ್ಣವು ಬರುವುವು: ಕೊಟ್ಟ ಮಾತಿಗೆ ನಷ್ಟವಾದರೂ ನಡೆಯಬೇಕಾದ ದಿನ, ಕಾಯಿಲೆಯ ಹಿರಿಯರ ಬಳಿ ರಾತ್ರಿ ಎಚ್ಚರವಿರಬೇಕಾದ ದಿನ, ಲಂಚ ಕೊಟ್ಟರೆ ಸುಲಭವಾಗುವ ಕೆಲಸವನ್ನು ಕೊಡದೆ ಕಾಯಬೇಕಾದ ದಿನ. ಆಗ ಅರ್ಧ ಕೇಳಿ ಅರ್ಧ ಬಿಡುವುದು ಸುಲಭ. ಗಣಿಯ ಪಂಜರವನ್ನು ನಡೆಸಿದವನು ಹಾಗೆ ಮಾಡಲಿಲ್ಲವೆಂದೇ ಅಷ್ಟು ಜನ ಸಂಜೆಗೆ ಮನೆ ಸೇರಿದರು. ನಮ್ಮ ಮಾತಿನ ಹಗ್ಗವನ್ನು ನಂಬಿ ನಿಂತವರೂ ಮನೆಯಲ್ಲಿ ಕೆಲವರಿರುವರೆಂಬುದನ್ನು ಮರೆಯದಿದ್ದರೆ ಈ ಯಾತ್ರೆಯು ಸಾರ್ಥಕವಾದಂತೆಯೇ.